ಕೆತ್ತಿದ ಕಲ್ಲಿನ ಗುಡ್ಡ: ಕೆಡಾದ ಪುಟ್ಟ ಗುಡಿ ಕಟ್ಟಿದವರು ಯಾರು?

ಮಲಯ ಭಾಷೆಯಲ್ಲಿ ಬುಕಿಟ್ ಎಂದರೆ ಗುಡ್ಡ, ಬಾತು ಎಂದರೆ ಕಲ್ಲು, ಪಹಾತ್ ಎಂದರೆ ಉಳಿ. ಬುಕಿಟ್ ಬಾತು ಪಹಾತ್ ಅಂದರೆ ಉಳಿಯೇಟು ತಿಂದ ಕಲ್ಲಿನ ಗುಡ್ಡ. ಮಲೇಷ್ಯಾದ ಕೆಡಾ ರಾಜ್ಯದಲ್ಲಿ, 1217 ಮೀಟರ್ ಎತ್ತರದ ಗುನುಂಗ್ ಜೆರಾಯ್ ಬೆಟ್ಟದ ತಪ್ಪಲಲ್ಲಿ, ಮೆರ್ಬೊಕ್ ಊರಿನ ಹತ್ತಿರ, ತೊರೆಯೊಂದರ ದಡಕ್ಕೆ ಈ ಗುಡ್ಡವಿದೆ. ಇಲ್ಲಿನ ಹಳೆಯ ಗುಡಿಯಲ್ಲಿ ಯಾವ ದೇವರಿಗೆ ಪೂಜೆ ನಡೆಯುತ್ತಿತ್ತು, ಯಾರು ನಡೆಸುತ್ತಿದ್ದರು ಎಂಬುದೆಲ್ಲ ಊರಿನ ನೆನಪಿನಿಂದ ಅಳಿಸಿಹೋಗಿದೆ. ಕಲ್ಲುಕುಟಿಗನ ಕೆಲಸದ ನೆನಪು ಮಾತ್ರ ಜಾಗದ ಹೆಸರಿನಲ್ಲಿ ಉಳಿದುಕೊಂಡಿದೆ.

ಗುಡಿಯಲ್ಲಿ ಈಗ ನೋಡಲು ಸಿಗುವುದು ಕಣಶಿಲೆಯ ಅಧಿಷ್ಠಾನ, ಹತ್ತುವ ಮೆಟ್ಟಿಲು, ಕಂಬಗಳ ಬುಡಕ್ಕೆ ಇಟ್ಟ ಕುಳಿ ಕೊರೆದ ಕಲ್ಲುಗಳು. ಗೋಡೆ, ಮಾಡು, ಮೂರ್ತಿ ಯಾವುದೂ ಇಲ್ಲ. ಆದರೂ ಕರಾವಳಿಯ ಯಾರನ್ನಾದರೂ ಕರೆದೊಯ್ದು ನಿಲ್ಲಿಸಿದರೆ, ಇದು ಗರ್ಭಗುಡಿ, ಇದು ಅದರ ಮುಂದಿನ ಮಂಟಪ ಎಂದು ಬೆರಳು ಮಾಡಿ ತೋರಿಸಬಲ್ಲರು. ಬುಜಾಂಗ್ ಕಣಿವೆ ಎಂದು ಕರೆಯುವ ಈ ಸೀಮೆಯಲ್ಲಿ ಸಿಕ್ಕ ಹತ್ತಾರು ಗುಡಿಗಳಲ್ಲಿ ಇದೇ ಪ್ರಸಿದ್ಧವಾದದ್ದು. ಹಾಗೆಂದು ಬೊರೊಬುದೂರ್, ಅಂಕೋರ್‌ಗಳ ಸಾಲಿನಲ್ಲಿ ಇದನ್ನು ನಿಲ್ಲಿಸಲಾಗದು. ಇದು ಹಳ್ಳಿಗಾಡಿನ ಗುಡಿ.

ನಮ್ಮ ನಾಡಿನಲ್ಲಿ ಇಂಥ ಗುಡಿಯ ಚರಿತ್ರೆ ಬರೆಯುವವನಿಗೆ ಅಂಗಳದಲ್ಲೇ ದತ್ತಿಶಾಸನ ಸಿಗುತ್ತದೆ. ಇಂಥ ಗೌಡ ಇಷ್ಟು ಮತ್ತರು ಗದ್ದೆ ಬಿಟ್ಟ, ನಂದಾದೀವಿಗೆಗೆ ಇಂಥ ಗಾಣಿಗ ಇಷ್ಟು ಎಣ್ಣೆ ಕೊಟ್ಟ ಎಂದು ಕಲ್ಲೇ ಹೇಳುತ್ತದೆ. ಯುರೋಪಿನ ಹಳ್ಳಿಯ ಹಳೆಯ ಚರ್ಚಿಗಾದರೆ ಪಾದ್ರಿಗಳ ಪಟ್ಟಿ ಇರುತ್ತದೆ. ಬುಕಿಟ್ ಬಾತು ಪಹಾತ್‌ನಲ್ಲಿ ದಾನಿಯ ಹೆಸರಿಲ್ಲ, ಅರ್ಚಕನ ಹೆಸರಿಲ್ಲ, ಅರಸನ ಹೆಸರೂ ಇಲ್ಲ. ಆ ಖಾಲಿ ಜಾಗವನ್ನು ತುಂಬಲು ನೂರೈವತ್ತು ವರ್ಷಗಳಿಂದ ವಿದ್ವಾಂಸರು ಜಗಳವಾಡುತ್ತ ಬಂದಿದ್ದಾರೆ. ಭಾರತದಿಂದ ಬಂದವರು ಕಟ್ಟಿದರೇ, ಅಲ್ಲಿನವರೇ ಕಟ್ಟಿಕೊಂಡರೇ, ಅಥವಾ ಸುಮಾತ್ರದ ಕಡೆಯಿಂದ ಬಂದ ಪದ್ಧತಿಯೇ? ಒಂದು ಗುಡಿಯ ಕುರಿತ ಈ ಪ್ರಶ್ನೆಯ ಹಿಂದೆ ಇಡೀ ಆಗ್ನೇಯ ಏಷ್ಯಾದ ಚರಿತ್ರೆಯನ್ನು ಹೇಗೆ ಓದಬೇಕು ಎಂಬ ಪ್ರಶ್ನೆಯಿದೆ.

ಕಾಡಿನಿಂದ ಮೇಲೆದ್ದ ಕಥೆ

ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಜೇಮ್ಸ್ ಲೋ ಈ ಕಥೆಯ ಮೊದಲ ಪಾತ್ರ. ಪೆನಾಂಗಿನ ಎದುರು ದಡದಲ್ಲಿ ಆಡಳಿತಕ್ಕಿದ್ದ ಈತನಿಗೆ 1834ರಲ್ಲಿ ಒಂದು ಕಲ್ಲು ಸಿಕ್ಕಿತು. ಅದರ ಮೇಲೆ ಸ್ತೂಪದ ಚಿತ್ರ, ಸುತ್ತ ಸಂಸ್ಕೃತದ ಬರಹ. ರಕ್ತಮೃತ್ತಿಕಾ ಎಂಬ ಊರಿನ ಮಹಾನಾವಿಕ ಬುದ್ಧಗುಪ್ತ ತನ್ನ ಯಾನ ಸುಖವಾಗಿ ಸಾಗಲೆಂದು ಬರೆಸಿದ್ದು. ಲಿಪಿಯಿಂದ ಅದು ಸುಮಾರು 5ನೇ ಶತಮಾನದ್ದೆಂದು ತಿಳಿಯಿತು. ಕಲ್ಲು ಕಲ್ಕತ್ತೆಗೆ ಹೋಗಿ ಅಲ್ಲಿನ ಇಂಡಿಯನ್ ಮ್ಯೂಸಿಯಂ ಸೇರಿತು. 1840ರ ದಶಕದಲ್ಲಿ ಲೋ ಜೆರಾಯ್ ಬೆಟ್ಟದ ಸುತ್ತ ಅಲೆದು, ಇಲ್ಲಿ ಹಿಂದೂಗಳ ನೆಲೆಯಿತ್ತು, ಅನುಮಾನವೇ ಬೇಡ ಎಂಬ ತೀರ್ಮಾನಕ್ಕೆ ಬಂದ.

ಆಮೇಲೆ ಬಹಳ ಕಾಲ ಕಾಡು ಕಾಡಾಗಿಯೇ ಉಳಿಯಿತು. 1936-37ರಲ್ಲಿ ಎಚ್. ಜಿ. ಕ್ವಾರಿಚ್ ವೇಲ್ಸ್ ಮತ್ತು ಅವರ ಪತ್ನಿ ಡೊರೊತಿ ವೇಲ್ಸ್ ಕಣಿವೆಯಲ್ಲಿ ಸುಮಾರು ಮೂವತ್ತು ನಿವೇಶನಗಳನ್ನು ಗುರುತಿಸಿ, ಅಗೆದು, ಸಂಖ್ಯೆ ಕೊಟ್ಟರು. ನಮ್ಮ ಗುಡಿಗೆ ಬಿದ್ದದ್ದು 8ನೇ ಸಂಖ್ಯೆ. ಇಂದಿಗೂ ಪುರಾತತ್ತ್ವದವರು ಅದನ್ನು ಆ ಸಂಖ್ಯೆಯಿಂದಲೇ ಕರೆಯುತ್ತಾರೆ. 1950ರ ದಶಕದ ಕೊನೆಯಲ್ಲಿ ಅಲಸ್ಟೇರ್ ಲ್ಯಾಂಬ್ ಮತ್ತೆ ಅಗೆತ ನಡೆಸಿ, ಚದುರಿಬಿದ್ದ ಕಲ್ಲುಗಳನ್ನು ಹೊಂದಿಸಿ, 1960ರ ಹೊತ್ತಿಗೆ ಅಧಿಷ್ಠಾನವನ್ನು ನಿಲ್ಲಿಸಿದರು. ಮುಂದೆ ಅದರ ಪಕ್ಕದಲ್ಲೇ ವಸ್ತುಸಂಗ್ರಹಾಲಯ ಬಂತು. ಕಣಿವೆಯ ಬೇರೆ ಕೆಲವು ಗುಡಿಗಳ ಇಟ್ಟಿಗೆ, ಕಲ್ಲುಗಳನ್ನು ಅಲ್ಲಿಗೆ ತಂದು ಜೋಡಿಸಿದ್ದಾರೆ. ಬುಕಿಟ್ ಬಾತು ಪಹಾತ್ ಗುಡಿ ಮಾತ್ರ ಹುಟ್ಟಿದ ಜಾಗದಲ್ಲೇ ಇದೆ.

ಈ ಗುಡಿಗಳಿಗೆ ಮಲಯ, ಜಾವಾ ಭಾಷೆಗಳಲ್ಲಿ ಚಂಡಿ ಎನ್ನುತ್ತಾರೆ. ಅದು ಹಿಂದೂ ಗುಡಿಗೂ ಬೌದ್ಧ ಗುಡಿಗೂ ಒಂದೇ ಮಾತು. ಈ ಸಂಗತಿಯನ್ನು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಲೆಯಾಗಿ ಬಂದವರು ಎಂಬ ವಾದ

ವೇಲ್ಸ್ 1940ರಲ್ಲಿ ಪ್ರಕಟಿಸಿದ ವರದಿಯ ಹೆಸರಿನಲ್ಲೇ ‘ಪ್ರಾಚೀನ ಭಾರತೀಯ ವಸಾಹತು’ ಎಂಬ ಮಾತಿದೆ. ಅವರ ಪ್ರಕಾರ ಭಾರತದ ಸಂಸ್ಕೃತಿ ನಾಲ್ಕು ಅಲೆಗಳಲ್ಲಿ ಪೂರ್ವಕ್ಕೆ ಬಂತು: ಅಮರಾವತಿಯ ಕಾಲದ್ದೊಂದು, ಗುಪ್ತರದೊಂದು, ಪಲ್ಲವರದೊಂದು, ಪಾಲರದೊಂದು. ಒಂದೊಂದು ಅಲೆಯೂ ತನ್ನ ಗುರುತು ಬಿಟ್ಟುಹೋಯಿತು. ಬುಕಿಟ್ ಬಾತು ಪಹಾತ್ ಗುಡಿಯನ್ನು ಅವರು ಪಲ್ಲವರ ಪ್ರಭಾವದ ಕಾಲದ ಕಡೆಗೆ ಎಳೆದರು.

ಈ ವಾದ ಹುಟ್ಟಿದ ಗಾಳಿಯನ್ನೂ ಗಮನಿಸಬೇಕು. 1926ರಲ್ಲಿ ಕಲ್ಕತ್ತೆಯಲ್ಲಿ ಬೃಹತ್ತರ ಭಾರತದ ಅಧ್ಯಯನಕ್ಕೆಂದೇ ಒಂದು ಸಂಘ ಹುಟ್ಟಿತ್ತು. ಆರ್. ಸಿ. ಮಜುಂದಾರ್ ಸುವರ್ಣದ್ವೀಪದ ಬಗ್ಗೆ ದೊಡ್ಡ ಗ್ರಂಥ ಬರೆಯುತ್ತಿದ್ದರು. ಪರರ ಆಳ್ವಿಕೆಯಲ್ಲಿ ನರಳುತ್ತಿದ್ದ ದೇಶಕ್ಕೆ, ನಮ್ಮವರೂ ಒಮ್ಮೆ ಕಡಲು ದಾಟಿ ನಾಡು ಕಟ್ಟಿದ್ದರು ಎಂಬ ಮಾತು ಬೆನ್ನು ತಟ್ಟಿದಂತಿತ್ತು. ಆ ಹಂಬಲ ನನಗೆ ಅರ್ಥವಾಗುತ್ತದೆ. ಅದರಿಂದ ಎಷ್ಟೋ ಒಳ್ಳೆಯ ಸಂಶೋಧನೆಯೂ ನಡೆಯಿತು.

ಈ ವಾದ ವಿವರಿಸುವುದು ಬಹಳ ಇದೆ. ಸಂಸ್ಕೃತ ಶಾಸನಗಳು, ಗರ್ಭಗುಡಿ-ಮಂಟಪದ ವಿನ್ಯಾಸ, ಅಭಿಷೇಕದ ನೀರು ಹರಿದುಹೋಗುವ ಸೋಮಸೂತ್ರದ ಕಲ್ಲು ಇವೆಲ್ಲ ತಾವಾಗಿ ಹುಟ್ಟುವಂಥವಲ್ಲ, ಗೊತ್ತಿದ್ದವರು ಕಲಿಸಿದ್ದೇ. ಆದರೆ ವಸಾಹತು ಎಂದ ಮೇಲೆ ಜನ ಬಂದು ನೆಲೆಸಿ, ತಲೆಮಾರುಗಟ್ಟಲೆ ತಮ್ಮ ಭಾಷೆಯನ್ನಾಡಿ, ದಾನದತ್ತಿ ಬರೆಸಿ, ವೀರಗಲ್ಲು ನೆಟ್ಟಿರಬೇಕು. ಕೆಡಾದಲ್ಲಿ ಸಿಕ್ಕ ಸಂಸ್ಕೃತ ಬರಹಗಳು ಬಹುಪಾಲು ಬೌದ್ಧ ಧರ್ಮದ ಸೂತ್ರವಾಕ್ಯಗಳು. ಒಂದು ಸಮುದಾಯದ ದಿನನಿತ್ಯದ ಬದುಕು ಅವುಗಳಲ್ಲಿ ಕಾಣುವುದಿಲ್ಲ.

ಕಡಾರಂ: ಚೋಳರ ಕಾಲಕ್ಕೆ ಎಳೆದವರು

ಲ್ಯಾಂಬ್ ಮತ್ತು ಅವರ ನಂತರ ಬಂದವರು ಗುಡಿಯ ಕಾಲವನ್ನು ಈಚೆಗೆ ತಂದರು. ಅದಕ್ಕೆ ದೊಡ್ಡ ಆಧಾರ ಒಡೆದ ಮಡಕೆ ಚೂರು. ಹತ್ತಿರದ ಪೆಂಗ್ಕಲಾನ್ ಬುಜಾಂಗ್‌ನಲ್ಲಿ ಚೀನಾದ ಸುಂಗ್ ಕಾಲದ ಪಿಂಗಾಣಿಯ ರಾಶಿ ರಾಶಿ ಚೂರುಗಳೂ ಪಶ್ಚಿಮ ಏಷ್ಯಾದ ಗಾಜೂ ಸಿಕ್ಕವು. 11ರಿಂದ 13ನೇ ಶತಮಾನದಲ್ಲಿ ಅಲ್ಲೊಂದು ಭಾರಿ ಬಂದರು ಇತ್ತು. ಕಣಿವೆಯ ಹಳೆಯ ಅವಶೇಷಗಳು ಹೆಚ್ಚಾಗಿ ಬೌದ್ಧ, 10ನೇ ಶತಮಾನದಿಂದೀಚಿನವು ಹೆಚ್ಚಾಗಿ ಹಿಂದೂ ಎಂಬ ಸ್ಥೂಲ ವಿಂಗಡಣೆಯೂ ಹೀಗೆ ರೂಪುಗೊಂಡಿತು. ನಮ್ಮ ಗುಡಿಯನ್ನು ಈಗ ಸಾಮಾನ್ಯವಾಗಿ 11ನೇ ಶತಮಾನದ ಆಸುಪಾಸಿಗೆ ಇಡುತ್ತಾರೆ.

11ನೇ ಶತಮಾನ ಎಂದೊಡನೆ ಚೋಳರು ನೆನಪಾಗುತ್ತಾರೆ. ತಮಿಳರು ಕೆಡಾವನ್ನು ಕಡಾರಂ ಎಂದರು, ಸಂಸ್ಕೃತದಲ್ಲಿ ಅದು ಕಟಾಹ. 1025ರಲ್ಲಿ ಒಂದನೆಯ ರಾಜೇಂದ್ರ ಚೋಳ ನೌಕಾಪಡೆ ಕಳಿಸಿ, ಕಡಾರದ ಅರಸ ಸಂಗ್ರಾಮ ವಿಜಯೋತ್ತುಂಗವರ್ಮನನ್ನು ಸೆರೆಹಿಡಿದುದಾಗಿ ತಂಜಾವೂರಿನ ಶಾಸನ ಹೇಳುತ್ತದೆ. ರಾಜೇಂದ್ರನಿಗೆ ಕಡಾರಂಕೊಂಡ ಎಂದು ಬಿರುದಾಯಿತು. ಹಾಗಾದರೆ ಗೆದ್ದವರು ಗುಡಿ ಕಟ್ಟಿಸಿದರು ಎನ್ನಬಹುದಲ್ಲವೇ?

ನನಗೆ ಈ ವಾದದಲ್ಲಿ ಹುರುಳು ಕಡಿಮೆ ಕಾಣುತ್ತದೆ. ಚೋಳರು ಗೆದ್ದಲ್ಲೆಲ್ಲ ಶಾಸನ ಹಾಕಿಸುತ್ತಿದ್ದರು. ನಮ್ಮ ಗಂಗವಾಡಿಯನ್ನು ಹಿಡಿದಾಗ ಕೋಲಾರ, ತಲಕಾಡುಗಳ ಗೋಡೆಗಳ ಮೇಲೆ ತಮಿಳಿನಲ್ಲಿ ಬರೆಸಿದರು. ಆ ಅಭ್ಯಾಸವಿದ್ದವರು ಕಡಾರದಲ್ಲಿ ಒಂದು ಗುಡಿ ಕಟ್ಟಿಸಿ ಒಂದಕ್ಷರವನ್ನೂ ಕೊರೆಸದೆ ಬರುತ್ತಿದ್ದರೇ?

ಸಂಬಂಧ ಒಂದೇ ದಿಕ್ಕಿನದೂ ಆಗಿರಲಿಲ್ಲ. ದಂಡಯಾತ್ರೆಗೆ ಇಪ್ಪತ್ತು ವರ್ಷ ಮುಂಚೆ, ರಾಜರಾಜ ಚೋಳನ ಕಾಲದಲ್ಲಿ, ಸುಮಾತ್ರದ ಶ್ರೀವಿಜಯ ಮತ್ತು ಕಡಾರಗಳ ಅರಸನೇ ನಾಗಪಟ್ಟಣದಲ್ಲಿ ಚೂಡಾಮಣಿ ವಿಹಾರವೆಂಬ ಬೌದ್ಧ ವಿಹಾರ ಕಟ್ಟಿಸಿದ. ರಾಜರಾಜ ಅದಕ್ಕೆ ಆನೈಮಂಗಲಂ ಗ್ರಾಮವನ್ನು ದತ್ತಿ ಬಿಟ್ಟ. ಹಾಲೆಂಡಿನ ಲೈಡನ್ ಊರಿನ ಹೆಸರಿನಿಂದ ಕರೆಯುವ ದೊಡ್ಡ ತಾಮ್ರಪಟಗಳಲ್ಲಿ ಇದೆಲ್ಲ ವಿವರವಾಗಿದೆ. ಕಡಲಿನ ಆಚೆಯವರು ಈಚೆ ಬಂದು ದೇವಾಲಯ ಕಟ್ಟಿಸಿದ್ದಕ್ಕೆ ತಾಮ್ರದ ಸಾಕ್ಷಿಯಿದೆ, ಈಚೆಯವರು ಆಚೆ ಹೋಗಿ ಕಟ್ಟಿಸಿದ್ದಕ್ಕೆ ಕೆಡಾದಲ್ಲಿ ಅಂಥದ್ದು ಸಿಕ್ಕಿಲ್ಲ. ನಮ್ಮ ಬರಹಗಾರರು ಈ ಮಾತನ್ನು ಒತ್ತಿ ಹೇಳುವುದು ಕಡಿಮೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಊರಿನವರ ಕೈ

ಭಾರತದಿಂದ ಬಂದವರು ಕಟ್ಟಿದರೆಂಬ ವಾದಕ್ಕೆ ಎದುರಾದ ಪಂಥ ಡಚ್ ವಿದ್ವಾಂಸ ಜೆ. ಸಿ. ವಾನ್ ಲೂರ್ ಅವರಿಂದ ಶುರುವಾಯಿತು. 1930ರ ದಶಕದಲ್ಲೇ ಅವರು ಕೇಳಿದ ಪ್ರಶ್ನೆ ಸರಳ: ಮೂಟೆ ಹೊತ್ತು ಬಂದ ವ್ಯಾಪಾರಿ ಶಿಲ್ಪಶಾಸ್ತ್ರವನ್ನೂ ಮಂತ್ರವನ್ನೂ ಕಲಿಸಬಲ್ಲನೇ? ಅವರ ಉತ್ತರ, ಅಲ್ಲಿನ ಅರಸರೇ ತಮ್ಮ ಪದವಿಗೆ ಮೆರುಗು ಬೇಕೆಂದು ಬ್ರಾಹ್ಮಣರನ್ನು ಕರೆಸಿಕೊಂಡರು. ಮುಂದೆ ಒ. ಡಬ್ಲ್ಯು. ವೋಲ್ಟರ್ಸ್ ಇದನ್ನು ಇನ್ನಷ್ಟು ಬೆಳೆಸಿ, ಹೊರಗಿನಿಂದ ಬಂದುದನ್ನು ಅಲ್ಲಿನವರು ತಮ್ಮದಾಗಿಸಿಕೊಂಡ ಬಗೆಯೇ ಮುಖ್ಯ ಎಂದರು. ಗಮನಿಸಬೇಕಾದ ಸಂಗತಿಯೆಂದರೆ, ‘ಸ್ಥಳೀಯ ಪ್ರತಿಭೆ’ ಎಂಬ ಪರಿಭಾಷೆಯನ್ನು ಈ ಚರ್ಚೆಗೆ ತಂದವರು ವೇಲ್ಸ್ ಅವರೇ. ತಮ್ಮ ಅಲೆಗಳ ಸಿದ್ಧಾಂತವೊಂದೇ ಸಾಲದು ಎಂದು ಅವರಿಗೂ ಹೊಳೆದಿತ್ತು.

ಸ್ವತಂತ್ರ ಮಲೇಷ್ಯಾದ ಪುರಾತತ್ತ್ವಜ್ಞರು, ಅವರಲ್ಲೂ ನಿಕ್ ಹಸನ್ ಶುಹೈಮಿಯವರು, ಕೆಡಾದ ಗುಡಿಗಳನ್ನು ಈ ಕಣ್ಣಿನಿಂದ ನೋಡಿದರು. ಕಲ್ಲು ಅಲ್ಲಿಯದೇ, ಇಟ್ಟಿಗೆ ಅಲ್ಲಿಯೇ ಸುಟ್ಟದ್ದು, ಕಟ್ಟಿದ ಕೈಯೂ ಅಲ್ಲಿಯದೇ. ಬುಕಿಟ್ ಬಾತು ಪಹಾತ್‌ನಲ್ಲಿ ಇದಕ್ಕೆ ಒಳ್ಳೆಯ ಸಾಕ್ಷಿ ಕಂಬದ ಬುಡದ ಕಲ್ಲುಗಳು. ಮರದ ಕಂಬ ನೇರ ಮಣ್ಣಿಗೆ ತಾಗಿದರೆ ಮಳೆನಾಡಿನಲ್ಲಿ ಬೇಗ ಕೊಳೆಯುತ್ತದೆ. ಅದಕ್ಕೆ ಕಲ್ಲು ಕೊರೆದು, ಅದರ ಮೇಲೆ ಕಂಬ ನಿಲ್ಲಿಸಿ, ಮೇಲೆ ಇಳಿಜಾರು ಮಾಡು ಹೊದಿಸಿದರು. ತಂಜಾವೂರಿನಂತೆ ನೆತ್ತಿಯವರೆಗೂ ಕಲ್ಲು ಪೇರಿಸುವ ಆಲೋಚನೆ ಅವರಿಗೆ ಬರಲಿಲ್ಲ.

ಕಲ್ಲಿನ ಬುಡದ ಮೇಲೆ ಮರದ ಮಾಡು ಏಕೆ ಎಂಬ ಒಗಟು ತುಳುನಾಡಿನವರಿಗೆ ಒಗಟೇ ಅಲ್ಲ. ಅಲ್ಲಿನ ಎಷ್ಟೋ ಗುಡಿಗಳಲ್ಲಿ ಬುಡ ಕಲ್ಲಿನದು, ಮೇಲೆ ಮರದ ತೊಲೆ, ಪಕ್ಕಾಸು, ಹೆಂಚಿನ ಅಥವಾ ತಾಮ್ರದ ಮಾಡು. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮಾಡುಗಳನ್ನು ನೋಡಿದವರು ಮಳೆ ಹೇಗೆ ವಾಸ್ತುಶಿಲ್ಪವನ್ನು ಬಗ್ಗಿಸುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದಾರೆ. ಅದಕ್ಕಾಗಿ ನೇಪಾಳದಿಂದಲೋ ಚೀನಾದಿಂದಲೋ ಯಾರೂ ಬರಬೇಕಾಗಿರಲಿಲ್ಲ. ಹಾಗೆಯೇ ಕೆಡಾದ ಮಾಡಿಗೂ ಕೆಡಾದ ಮಳೆಯೇ ಕಾರಣ.

ಕಲ್ಲಿನ ಪೆಟ್ಟಿಗೆಗಳು

ಇಡೀ ಚರ್ಚೆಯಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಲ್ಯಾಂಬ್ ಅವರಿಗೆ ಕಟ್ಟಡದ ಒಡಲಲ್ಲಿ ಸಿಕ್ಕ ಕಲ್ಲಿನ ಪೆಟ್ಟಿಗೆಗಳು. ಕಲ್ಲಿನ ಗಟ್ಟಿ ತುಂಡೊಂದನ್ನು ತೆಗೆದುಕೊಂಡು, ನಡುವೆ ಒಂದು ಕುಳಿ, ಅದರ ಸುತ್ತ ಸಣ್ಣ ಕುಳಿಗಳನ್ನು ಕೊರೆದಿದ್ದಾರೆ. ಕುಳಿಗಳಲ್ಲಿ ತಾಮ್ರದ ಪುಟ್ಟ ಕುಡಿಕೆ, ಬಣ್ಣದ ಹರಳುಗಳು, ಚಿನ್ನ ಬೆಳ್ಳಿಯ ಚೂರುಗಳು. ಮುಚ್ಚಿಟ್ಟ ಮೇಲೆ ಯಾವ ಮನುಷ್ಯನ ಕಣ್ಣಿಗೂ ಬೀಳಬಾರದೆಂದು ಇಟ್ಟದ್ದು.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡುಗಳಲ್ಲಿ ಇಂದಿಗೂ ಗುಡಿಯ ಜೀರ್ಣೋದ್ಧಾರ ನಡೆದಾಗ ಷಡಾಧಾರ ಪ್ರತಿಷ್ಠೆ ಮಾಡುತ್ತಾರೆ. ಆಧಾರಶಿಲೆಯ ಮೇಲೆ ನಿಧಿಕುಂಭ, ಅದರ ಮೇಲೆ ಪದ್ಮ, ಕೂರ್ಮ, ಯೋಗನಾಳ, ಕೊನೆಗೆ ನಪುಂಸಕ ಶಿಲೆ. ನಿಧಿಕುಂಭ ಇಡುವ ದಿನ ಊರಿನವರು ಸಾಲಾಗಿ ಬಂದು ಅದಕ್ಕೆ ಕೈಲಾದದ್ದನ್ನು ಹಾಕುತ್ತಾರೆ: ಚಿನ್ನದ ತುಣುಕು, ಬೆಳ್ಳಿಯ ನಾಣ್ಯ, ಮುತ್ತು, ಹವಳ. ಅಜ್ಜಿಯೊಬ್ಬಳು ಮೂಗುತಿ ಬಿಚ್ಚಿ ಹಾಕುವುದೂ ಉಂಟು. ಆಮೇಲೆ ಕಲ್ಲು ಮುಚ್ಚಿ, ಗಾರೆ ಹಾಕಿ, ಮೇಲೆ ದೇವರು ಕೂರುತ್ತಾನೆ. ಕೆಡಾದ ಪೆಟ್ಟಿಗೆಯಲ್ಲಿ ಕಾಣುವ ಹರಳಿನ ಚೂರುಗಳ ಹಿಂದೆಯೂ ಇಂಥದ್ದೇ ಒಂದು ಸಾಲು ನಿಂತಿತ್ತೇನೋ ಎಂದು ಮನಸ್ಸು ಊಹಿಸುತ್ತದೆ.

ಊಹೆಯನ್ನು ಪಕ್ಕಕ್ಕಿಟ್ಟು ನೋಡಿದರೆ ಶಾಸ್ತ್ರ ಏನು ಹೇಳುತ್ತದೆ? ಮಯಮತ, ಕಾಶ್ಯಪಶಿಲ್ಪಗಳಂಥ ಗ್ರಂಥಗಳಲ್ಲಿ ಗರ್ಭನ್ಯಾಸದ ವಿಧಿಯಿದೆ. ಮನೆಮನೆಯಾಗಿ ಭಾಗಿಸಿದ ಪೆಟ್ಟಿಗೆಯಲ್ಲಿ ಹರಳು, ಲೋಹ, ಧಾನ್ಯಗಳನ್ನು ತುಂಬಿ ಹೂಳಬೇಕು. ಆನ್ನಾ ಸ್ಲಾಂಚ್ಕಾ ಎಂಬ ವಿದುಷಿ ಕಾಶ್ಯಪಶಿಲ್ಪದ ಈ ಅಧ್ಯಾಯಗಳನ್ನು ಸಂಪಾದಿಸಿ, 2007ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ನೆಲದಡಿ ಸಿಕ್ಕ ಪೆಟ್ಟಿಗೆಗಳೊಂದಿಗೆ ಹೋಲಿಸಿದರು. ಅದಕ್ಕೂ ಮುಂಚೆ, 1966ರಲ್ಲೇ, ಸ್ಟ್ಯಾನ್ಲಿ ಓಕಾನರ್ ಆಗ್ನೇಯ ಏಷ್ಯಾದ ಪೆಟ್ಟಿಗೆಗಳ ಬಗ್ಗೆ ಬರೆದಿದ್ದರು.

ಆದರೆ ಹೋಲಿಕೆ ಇಲ್ಲಿಗೇ ಮುಗಿಯುವುದಿಲ್ಲ. ಜಾವಾದ ಚಂಡಿಗಳಲ್ಲಿ ಪೆರಿಪಿಹ್ ಎಂಬ ಇಂಥದೇ ಪೆಟ್ಟಿಗೆಗಳು ಸಿಗುತ್ತವೆ, ಹಿಂದೂ ಗುಡಿಯಲ್ಲೂ ಬೌದ್ಧ ಗುಡಿಯಲ್ಲೂ. ಸಿಂಹಳದ ಅನುರಾಧಪುರದಲ್ಲಿ ಚೌಕುಳಿ ಚೌಕುಳಿಯಾಗಿ ಕೊರೆದ ಯಂತ್ರಗಲ್ಲುಗಳಿವೆ, ಅವು ಬೌದ್ಧರವು. ಹೀಗಾಗಿ ಪೆಟ್ಟಿಗೆ ಸಿಕ್ಕ ಮಾತ್ರಕ್ಕೆ ಇದು ಶಿವಾಲಯ ಎನ್ನಲು ಬರುವುದಿಲ್ಲ. ಇನ್ನೊಂದು ವ್ಯತ್ಯಾಸವೂ ಇದೆ. ಶಾಸ್ತ್ರದ ಗರ್ಭನ್ಯಾಸಕ್ಕೆ ಒಂದೇ ಪೆಟ್ಟಿಗೆ, ಒಂದೇ ನಿಗದಿತ ಜಾಗ. ಬುಕಿಟ್ ಬಾತು ಪಹಾತ್‌ನಲ್ಲಿ ಸಿಕ್ಕ ಪೆಟ್ಟಿಗೆ ಒಂದಲ್ಲ, ಹಲವು. ಜಾವಾದಲ್ಲಿಯೂ ಒಂದೇ ಗುಡಿಯ ಬೇರೆಬೇರೆ ಕಡೆ ಪೆಟ್ಟಿಗೆ ಇಡುವ ರೂಢಿಯಿತ್ತು.

ಇದನ್ನೇ ಹಿಡಿದು ಕೆಲವರು ಮೂರನೆಯ ದಾರಿ ತೋರಿಸಿದರು. ಈ ಗುಡಿಯ ಪದ್ಧತಿ ನೇರ ಭಾರತದಿಂದ ಬಂದುದಲ್ಲ, ಜಲಸಂಧಿಯ ಆಚೆ ದಡದ ಸುಮಾತ್ರದಿಂದ, ಶ್ರೀವಿಜಯದ ಬಳಗದಿಂದ ಬಂತು ಎಂಬುದು ಅವರ ಮಾತು. ಸುಮಾತ್ರದ ಪಡಾಂಗ್ ಲಾವಾಸ್‌ನ ಗುಡಿಗಳೊಂದಿಗೆ ಹೋಲಿಕೆ ಕೊಡುತ್ತಾರೆ. ಚೀನೀ ಯಾತ್ರಿಕ ಇತ್ಸಿಂಗ್ 671ರಲ್ಲಿ ಹೊರಟಾಗ ಶ್ರೀವಿಜಯ, ಮಲಾಯು, ಕೆಡಾಗಳಲ್ಲಿ ತಂಗುತ್ತ ಬಂಗಾಳದ ತಾಮ್ರಲಿಪ್ತಿಗೆ ಬಂದಿಳಿದ. ಹಡಗುಗಳಿಗೆ ಅದೊಂದು ಮಾಮೂಲಿ ದಾರಿಯಾಗಿತ್ತು. ಹಡಗು ಹೋಗುವ ದಾರಿಯಲ್ಲಿ ಪದ್ಧತಿಯೂ ಹೋಗುತ್ತದೆ. ಪೆಟ್ಟಿಗೆಗಳ ಮಟ್ಟಿಗೆ ಈ ವಾದವೇ ಹೆಚ್ಚು ಗಟ್ಟಿ ಎಂದು ನನಗನ್ನಿಸುತ್ತದೆ. ಮೂಲ ವಿಧಿ ಭಾರತದ್ದು, ಅದನ್ನು ಆಚರಿಸಿದ ಬಗೆ ದ್ವೀಪಗಳದ್ದು.

ಅಯ್ಯಾವೊಳೆಯ ಹೆಸರು

ಕನ್ನಡಿಗರು ಈ ಚರ್ಚೆಗೆ ಕಿವಿಗೊಡಲು ಇನ್ನೊಂದು ಕಾರಣವಿದೆ. ಸುಮಾತ್ರದ ಪಶ್ಚಿಮ ದಡದ ಬರುಸ್ ಬಳಿ, ಲೋಬು ತುವಾದಲ್ಲಿ, 1088ರ ಒಂದು ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ಐನೂರ್ವರು. ಇದು ನಮ್ಮ ಐಹೊಳೆಯಲ್ಲಿ, ಅಂದರೆ ಅಯ್ಯಾವೊಳೆಯಲ್ಲಿ, ಹುಟ್ಟಿದ ವರ್ತಕರ ಸಂಘ. ಬಳ್ಳಿಗಾವೆಯ ಸುತ್ತಮುತ್ತಲ ಶಾಸನಗಳಲ್ಲಿ ಅವರ ದೇಶಾಂತರದ ವ್ಯಾಪಾರದ ಬಣ್ಣನೆ ಉದ್ದಕ್ಕೆ ಹರಿಯುತ್ತದೆ. ಚಾಲುಕ್ಯರೂ ಚೋಳರೂ ಕೊಪ್ಪದಲ್ಲಿ, ಕೂಡಲಸಂಗಮದಲ್ಲಿ ಕಾದಾಡುತ್ತಿದ್ದ ಕಾಲದಲ್ಲಿ ಈ ಸಂಘ ಎರಡೂ ಕಡೆ ಅಂಗಡಿ ತೆರೆದಿತ್ತು. ಕೆಡಾದಿಂದ ಉತ್ತರಕ್ಕೆ, ಈಗಿನ ಥಾಯ್ಲೆಂಡಿನ ತಕುವಾಪಾದಲ್ಲಿ, 9ನೇ ಶತಮಾನದ ತಮಿಳು ಶಾಸನವೊಂದು ಕೆರೆಯನ್ನು ಮಣಿಗ್ರಾಮವೆಂಬ ಇನ್ನೊಂದು ವರ್ತಕ ಸಂಘದ ರಕ್ಷಣೆಗೆ ಒಪ್ಪಿಸುತ್ತದೆ.

ಕೆಡಾದ ಬಂದರಿನಲ್ಲೂ ಇಂಥ ಸಂಘಗಳಿದ್ದಿರಬಹುದು, ಅವರು ಗುಡಿಗೆ ಹಣ ಹಾಕಿರಬಹುದು ಎಂದು ವಾದಿಸುವವರಿದ್ದಾರೆ. ತರ್ಕ ಸರಿಯಾಗಿಯೇ ಇದೆ. ಆದರೆ ಬುಕಿಟ್ ಬಾತು ಪಹಾತ್‌ನಲ್ಲಿ ಐನೂರ್ವರ ಹೆಸರಿನ ಕಲ್ಲಿಲ್ಲ. ಐಹೊಳೆಯ ಮೇಲಿನ ಅಭಿಮಾನದಿಂದ ನಾವು ಅಲ್ಲಿಗೆ ಅವರನ್ನು ಕರೆತರಬಾರದು.

ಕಿಟ್ಟದ ರಾಶಿ ತೆರೆದ ಹೊಸ ಅಧ್ಯಾಯ

ಪೆನಾಂಗಿನ ಸೈನ್ಸ್ ವಿಶ್ವವಿದ್ಯಾಲಯದ ತಂಡ, ಮೊಖ್ತಾರ್ ಸೈದಿನ್ ಅವರ ನೇತೃತ್ವದಲ್ಲಿ, ಸುಂಗೈ ಬಾತು ಎಂಬಲ್ಲಿ ಅಗೆದಾಗ ಕಬ್ಬಿಣ ಕರಗಿಸುವ ಕುಲುಮೆಗಳು, ತಿದಿಯ ಮಣ್ಣಿನ ನಳಿಗೆಗಳು, ಕಿಟ್ಟದ ರಾಶಿಗಳು, ದಕ್ಕೆಯ ಅವಶೇಷಗಳು, ಇಟ್ಟಿಗೆಯ ದುಂಡನೆಯ ಪೂಜಾಸ್ಥಾನ ಹೊರಬಂದವು. ಕುಲುಮೆಗಳನ್ನು ಕ್ರಿಸ್ತಪೂರ್ವ ಶತಮಾನಗಳಿಗೆ ಒಯ್ಯುವ ಕಾಲನಿರ್ಣಯವೂ ಹೊರಬಿತ್ತು. ಅಷ್ಟು ಹಿಂದಕ್ಕೆ ಹೋಗಲು ಹಲವು ಪುರಾತತ್ತ್ವಜ್ಞರು ಒಪ್ಪಿಲ್ಲ. ಕಾಲ ಏನೇ ಇರಲಿ, ಕಬ್ಬಿಣ ಕಾಯಿಸಿ ಮಾರುವ ಜನ ಅಲ್ಲಿದ್ದರೆಂಬುದು ಖಚಿತವಾಯಿತು. ಖಾಲಿ ಕಾಡಿಗೆ ಭಾರತೀಯರು ನಾಗರಿಕತೆ ಹೊತ್ತು ತಂದರೆಂಬ ಹಳೆಯ ಚಿತ್ರ ಇನ್ನು ನಿಲ್ಲುವುದಿಲ್ಲ. ಭಾರತದ ಪಾತ್ರವೇ ಇರಲಿಲ್ಲ ಎಂದು ಇದನ್ನೇ ಹಿಡಿದು ಹೇಳುವುದೂ ಅಷ್ಟೇ ತಪ್ಪು. ಸಂಸ್ಕೃತದ ಸೂತ್ರ ಕಿಟ್ಟದ ರಾಶಿಯಲ್ಲಿ ಹುಟ್ಟಲಿಲ್ಲ.

ಈಚಿನ ಸಂಶೋಧಕರು ಕಣಿವೆಯನ್ನು ಹಲವು ನೆಲೆಗಳು ಹೆಣೆದುಕೊಂಡ ಒಂದು ಬಂದರು ಪ್ರದೇಶವಾಗಿ ನೋಡುತ್ತಾರೆ. ಸ್ಟೀಫನ್ ಮರ್ಫಿಯವರ 2018ರ ಲೇಖನ ಈ ದಾರಿಯದು. ಜೇನ್ ಅಲೆನ್ ಅವರು ಮಣ್ಣು, ಹೂಳುಗಳನ್ನು ಅಧ್ಯಯನ ಮಾಡಿ ತೋರಿಸಿದಂತೆ, ಆಗಿನ ಕಡಲತಡಿ ಈಗಿನದಕ್ಕಿಂತ ಒಳಕ್ಕಿತ್ತು. ಇಂದು ಹಳ್ಳಿಗಾಡಿನಲ್ಲಿ ಒಂಟಿಯಾಗಿ ಕಾಣುವ ಗುಡಿಗಳು ಅಂದು ಹಡಗಿನವರ ಕಣ್ಣಳತೆಯ ಜಗತ್ತಿಗೆ ಸೇರಿದ್ದವು. ಗುನುಂಗ್ ಜೆರಾಯ್ ಶಿಖರವಂತೂ ಬಂಗಾಳ ಕೊಲ್ಲಿ ದಾಟಿ ಬಂದವರಿಗೆ ದೂರದಿಂದಲೇ ದಿಕ್ಕು ತೋರುತ್ತಿತ್ತು.

ಇನ್ನೂ ಇತ್ಯರ್ಥವಾಗದ್ದು

ಗರ್ಭಗುಡಿಯಲ್ಲಿ ಯಾರಿದ್ದರು ಎಂಬುದು ಮೊದಲ ಪ್ರಶ್ನೆ. ಸೋಮಸೂತ್ರವನ್ನು ನೋಡಿ ಶಿವಲಿಂಗ ಎನ್ನುವವರೇ ಹೆಚ್ಚು, ಆದರೆ ಅಭಿಷೇಕ ಶಿವನೊಬ್ಬನಿಗೆ ಮಾತ್ರ ಆಗುವುದಲ್ಲ. ಕಾಲದ ಪ್ರಶ್ನೆಯೂ ತೀರ್ಮಾನವಾಗಿಲ್ಲ. ಪೆಂಗ್ಕಲಾನ್ ಬುಜಾಂಗ್‌ನ ಪಿಂಗಾಣಿಯಿಂದ ಬಂದರಿನ ಕಾಲ ತಿಳಿಯುತ್ತದೆ, ಬೆಟ್ಟದ ತಪ್ಪಲಿನ ಗುಡಿಯ ಕಾಲವನ್ನು ಅದರಿಂದ ಊಹಿಸಬಹುದಷ್ಟೆ. ಕೆಡಾದ ಅರಸುಮನೆತನ ಇಸ್ಲಾಮಿಗೆ ತಿರುಗಿದ ಮೇಲೆ ಇಲ್ಲಿ ಪೂಜೆ ಒಮ್ಮೆಲೇ ನಿಂತಿತೇ, ಬಂದರಿಗೆ ಹೂಳು ತುಂಬಿ ವ್ಯಾಪಾರ ಸರಿದಂತೆ ಮೆಲ್ಲಮೆಲ್ಲನೆ ದೀಪ ಆರಿತೇ ಎಂಬುದಕ್ಕೂ ಒಮ್ಮತವಿಲ್ಲ.

ಕಟ್ಟಿದವರು ಯಾರು ಎಂಬುದಕ್ಕೆ ನನ್ನ ತೀರ್ಪು ಇಷ್ಟು: ಕಲ್ಲು ಕೆತ್ತಿದವರು, ಮಾಡು ಹೊದಿಸಿದವರು ಆ ನೆಲದವರು. ಪೆಟ್ಟಿಗೆ ಎಲ್ಲಿಡಬೇಕು, ಅದರಲ್ಲಿ ಏನಿಡಬೇಕೆಂದು ಹೇಳಿದವನು ವಿಧಿ ಬಲ್ಲವನು. ಅವನ ತಾಯ್ನುಡಿ ತಮಿಳೋ ಮಲಯವೋ ಜಾವಾ ಭಾಷೆಯೋ ಎಂಬುದನ್ನು ಕಲ್ಲು ಹೇಳುವುದಿಲ್ಲ.

ಇವಕ್ಕೆಲ್ಲ ಉತ್ತರ ಬರಬೇಕಾದರೆ ಕಣಿವೆಯ ಉಳಿದ ನಿವೇಶನಗಳು ಉಳಿದಿರಬೇಕು. ವೇಲ್ಸ್ ದಂಪತಿ ಸಂಖ್ಯೆ ಕೊಟ್ಟ 11ನೇ ನಿವೇಶನದ ಗುಡಿಯ ಬುಡ ಖಾಸಗಿ ಜಮೀನಿನಲ್ಲಿತ್ತು. ಮನೆಗಳ ಬಡಾವಣೆಗೆಂದು ನೆಲ ಸಮ ಮಾಡುವಾಗ ಯಂತ್ರಗಳು ಅದನ್ನು ಕೆಡವಿಹಾಕಿದ ಸುದ್ದಿ 2013ರ ಕೊನೆಯಲ್ಲಿ ಹೊರಬಂತು. ಆ ಹೊತ್ತಿಗೆ ಮಲೇಷ್ಯಾದಲ್ಲಿ ರಾಷ್ಟ್ರೀಯ ಪರಂಪರೆ ಕಾಯಿದೆ ಬಂದು ಎಂಟು ವರ್ಷವಾಗಿತ್ತು.